ಹಿಡಿಕೆಗೆ ನೇತುಹಾಕಿದ ಟವೆಲ್

ನಿವೃತ್ತಿಯಾದ ಮೇಲೆ ನನಗೆ ಹತ್ತಿದ ದೊಡ್ಡ ಚಟವೆಂದರೆ ಮಧ್ಯಾಹ್ನದ ನಿದ್ದೆ. ಬಳ್ಳಾರಿಯ ಬಿಸಿಲಿನಲ್ಲಿ ಉಂಡು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಬರಿನೆಲಕ್ಕೆ ಚಾಪೆ ಹಾಸಿ ಅಡ್ಡಾದರೆ ಕಣ್ಣೊಳಗೆ ತಂತಿಗಳು ತೇಲುತ್ತವೆ. ಕುರುಗೋಡಿನ ಗುಡ್ಡದ ಮಗ್ಗುಲಿಂದ ಹೊರಟು, ಭತ್ತದ ಗದ್ದೆಗಳನ್ನು ದಾಟಿ, ತೆಕ್ಕಲಕೋಟೆ ಹಾದು ಸಿರುಗುಪ್ಪದ ಕಡೆ ಹೋಗುವ ಮೂರು ತಂತಿಗಳು. ಅವುಗಳ ಕೆಳಗೆ ಇಬ್ಬರು ಗಂಡಸರು ಅವಸರವಿಲ್ಲದೆ ನಡೆಯುತ್ತಿರುತ್ತಾರೆ. ಒಬ್ಬ ನಾನು. ಇನ್ನೊಬ್ಬ ಪಂಪಾಪತಿ. ಎಚ್ಚರಾಗುವ ತನಕ ನಾವು ಎಲ್ಲಿಗೂ ಮುಟ್ಟುವುದಿಲ್ಲ, ಮುಟ್ಟಬೇಕೆಂದು ಅನಿಸುವುದೂ ಇಲ್ಲ.

ಹೋದ ಬೇಸಿಗೆಯಲ್ಲಿ, ಹೊಸದಾಗಿ ಲೈನಿನ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಎರಡು ಮಾತು ಹೇಳಿ ಎಂದು ನನ್ನನ್ನು ತರಬೇತಿಗೆ ಕರೆದಿದ್ದರು. ಶಾಲು ಹೊದಿಸಿ ಮೈಕು ಕೊಟ್ಟರು. ಒಬ್ಬಳು ಹುಡುಗಿ ಎದ್ದು, "ಸರ, ಕರೆಂಟಿಗೆ ನೀವು ಅಂಜ್ತಿದ್ರೇನ್ರಿ?" ಎಂದು ಕೇಳಿದಳು. "ಕರೆಂಟಿಗೆ ಅಷ್ಟ ಅಂಜಿದಾಂವ ಅಲ್ಲವ್ವಾ ನಾನು. ದಣಿವಿಗೆ ಅಂಜ್ತಿದ್ದೆ" ಎಂದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ತಿನ್ನಲು ಮಿರ್ಚಿ, ಮಂಡಕ್ಕಿ ಒಗ್ಗರಣಿ ಬಂತು. ಮಿರ್ಚಿಯ ಮುಂದೆ ಯಾವ ಮುದುಕನ ಮಾತು ನಿಂತೀತು. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಡುತ್ತೇನೆ. ನಾನು ಏರಿದ್ದು ಹೆಚ್ಚಾಗಿ ಕಂಬಗಳನ್ನೇ.

ಕೆಲಸ ಕಲಿತದ್ದು ಸಿರುಗುಪ್ಪದಲ್ಲಿ, ಹುಸೇನ್ ಸಾಬರ ಕೈಕೆಳಗೆ. ಅವರು ನಮ್ಮ ಗ್ಯಾಂಗಿನ ಹಿರಿಯ. ಸಣ್ಣ ಮೈ, ಎಲೆಯಡಿಕೆ ಬಾಯಿ, ಕಂಬ ಹತ್ತಿದರೆ ಮನೆಯ ಮಾಳಿಗೆ ಹತ್ತಿದಷ್ಟು ಸಲೀಸು. ಮೊದಲ ದಿನ ಅವರು ನನಗೆ ಕಂಬ ತೋರಿಸಲೇ ಇಲ್ಲ. ಸಬ್‌ಸ್ಟೇಷನ್ನಿನೊಳಗೆ ಕರೆದೊಯ್ದು ಗೋಡೆಯುದ್ದಕ್ಕೂ ಸಾಲಾಗಿದ್ದ ಕಬ್ಬಿಣದ ಹಿಡಿಕೆಗಳನ್ನು ತೋರಿಸಿದರು. ಒಂದೊಂದು ದಿಕ್ಕಿಗೆ ಹೋಗುವ ಲೈನಿಗೆ ಒಂದೊಂದು ಹಿಡಿಕೆ. ಕೆಳಗೆಳೆದರೆ ಆ ಲೈನಿನ ಕರೆಂಟು ಹೋಗುತ್ತದೆ, ಮೇಲೆತ್ತಿದರೆ ಬರುತ್ತದೆ. ನಾವು ಕಂಬ ಹತ್ತುವ ಮುಂಚೆ ಅಲ್ಲಿ ಕೂತ ಆಪರೇಟರ್ ಅದನ್ನು ಎಳೆದು 'ಲೈನ್ ಕ್ಲಿಯರ್' ಕೊಡಬೇಕು. ನಾವು ಇಳಿದು ಬಂದು ಅದನ್ನು ವಾಪಸ್ ಕೊಡುವ ತನಕ ಯಾರೂ ಆ ಹಿಡಿಕೆ ಮುಟ್ಟಬಾರದು. ಇದಕ್ಕೆಲ್ಲ ಸಹಿ ಮಾಡಿದ ಕಾಗದ ಇರುತ್ತಿತ್ತು. ಆದರೆ ಹುಸೇನ್ ಸಾಬರಿಗೆ ಕಾಗದದ ಮೇಲೆ ನಂಬಿಕೆ ಕಡಿಮೆ.

"ಬೇಟಾ, ಕಾಗದಕ್ಕ ಮಾರಿ ಇರಂಗಿಲ್ಲ" ಎಂದರು. "ನಿನ್ನ ಹೆಗಲಮ್ಯಾಲಿನ ಟವೆಲ್ ತೆಗಿ. ಈ ಹಿಡಿಕಿಗೆ ನೇತುಹಾಕು. ಈಗ ಹೋಗಿ ಕಂಬ ಹತ್ತು. ಇದನ್ನ ನೋಡಿದವಗ ಈರಣ್ಣ ಮ್ಯಾಲ ಅದಾನ ಅಂತ ಗೊತ್ತಾಗ್ತೈತಿ. ಇದನ್ನ ತೆಗಿಯೋ ಹಕ್ಕು ಇದರ ಮಾಲಕಗ ಒಬ್ಬಗೆ. ಸಾಹೇಬ ಬಂದ್ರೂ ಇಲ್ಲ, ಮಂತ್ರಿ ಬಂದ್ರೂ ಇಲ್ಲ."

ಅದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಆದರೂ ನಮ್ಮ ಕಡೆಯ ಸಬ್‌ಸ್ಟೇಷನ್ನುಗಳಲ್ಲಿ ಹಾಗೆಯೇ ನಡೆಯುತ್ತಿತ್ತು. ನನ್ನ ಟವೆಲ್ಲನ್ನಂತೂ ಕಣ್ಣು ಮುಚ್ಚಿಯೂ ಗುರುತಿಸಬಹುದಿತ್ತು. ಬಲಹೆಗಲು ನೋಯುತ್ತಿದ್ದುದರಿಂದ ದಿನಾ ಮುಲಾಮು ತಿಕ್ಕಿಕೊಳ್ಳುತ್ತಿದ್ದೆ, ಅದರ ಘಾಟು ಟವೆಲ್ಲಿಗೆ ಹತ್ತಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಗೆಳೆಯರು ನನ್ನನ್ನು 'ಮುಲಾಮ್ ಈರಣ್ಣ' ಎಂದೇ ಕರೆಯುತ್ತಿದ್ದರು.

ಹುಸೇನ್ ಸಾಬರ ಇನ್ನೊಂದು ಪದ್ಧತಿ ನನಗೆ ಆಗ ಸೋಮಾರಿತನವಾಗಿ ಕಂಡಿತ್ತು. ಮಧ್ಯಾಹ್ನ ಉಂಡ ಮೇಲೆ ಗ್ಯಾಂಗಿನವರೆಲ್ಲ ಮರದ ಕೆಳಗೆ ಸ್ವಲ್ಪ ಹೊತ್ತು ಮಲಗಲೇಬೇಕು. ನಿದ್ದೆ ಬರಲಿ ಬಿಡಲಿ, ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಬಿದ್ದಿರಬೇಕು. ಊರಿನವರು ಬಂದು ಬೈದರೂ ಅವರು ಏಳುತ್ತಿರಲಿಲ್ಲ. "ದಣಿದಾಂವ ಕಂಬಕ್ಕ ಭಾರ" ಎಂದು ಮಲಗಿದಲ್ಲಿಂದಲೇ ಉತ್ತರ ಕೊಡುತ್ತಿದ್ದರು. ನಾನು ಕಳ್ಳನಿದ್ದೆ ಮಾಡುತ್ತ, ಈ ಮುದುಕ ಸರ್ಕಾರದ ಸಂಬಳ ತಿಂದು ಮಲಗುತ್ತಾನಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಅವರು ಹೋದ ಮೇಲೆ ಆ ಪದ್ಧತಿಯನ್ನು ಬಿಟ್ಟವರಲ್ಲಿ ನಾನೇ ಮೊದಲಿಗ.

ಮುಂದೆ ನನಗೆ ಕುರುಗೋಡಿಗೆ ವರ್ಗವಾಯಿತು. ಅಲ್ಲಿನ ಆಪರೇಟರ್ ಪಂಪಾಪತಿ. ಮೋಕಾ ಊರಿನವನು, ನನ್ನದೇ ವಯಸ್ಸು. ಎತ್ತರದ ಆಳು, ದಪ್ಪ ದನಿ, ಬಾಯಿ ಮಾತ್ರ ಕೆಟ್ಟದ್ದು. ನಾನು ಒಳಗೆ ಕಾಲಿಟ್ಟರೆ ಸಾಕು, "ಬಂತಲೇ ಔಷಧದ ಅಂಗಡಿ, ಕಿಟಕಿ ತೆಗೀರಿ" ಎನ್ನುತ್ತಿದ್ದ. ಅವನ ಹೆಂಡತಿ ಗಂಗಮ್ಮ ಕಟ್ಟಿಕೊಡುತ್ತಿದ್ದ ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅದರಲ್ಲಿ ಅರ್ಧ ನನ್ನ ಹೊಟ್ಟೆಗೆ ಎಂಬುದು ಬೈಗುಳದ ಜೊತೆಗೆ ನಡೆದು ಬಂದ ಕರಾರು. ಅವನು ಹಿಡಿಕೆ ಎಳೆದು "ಹೋಗಿ ಹತ್ತಪಾ" ಎಂದನೆಂದರೆ ನಾನು ಕಂಬದ ಮೇಲೆ ತಿರುಗಿ ನೋಡುತ್ತಿರಲಿಲ್ಲ.

ಅಲ್ಲಿ ಪಾಳಿಗೆ ಜನ ಸಾಲದಾಯಿತು. ಒಬ್ಬ ಆಪರೇಟರ್ ವರ್ಗವಾಗಿ ಹೋದ, ಇನ್ನೊಬ್ಬ ಕಾಯಿಲೆ ಬಿದ್ದ. ಅವರ ಜಾಗಕ್ಕೆ ಬರುತ್ತಾರೆ, ಇನ್ನೇನು ಬಂದರು ಎನ್ನುತ್ತಲೇ ವರ್ಷದ ಮೇಲಾಯಿತು. ಅವರ ಪಾಳಿಗಳೂ ಪಂಪಾಪತಿಯ ತಲೆಗೆ ಬಂದವು. ಅದರ ಮೇಲೆ ನಾಟಿಯ ಕಾಲ. ಗದ್ದೆಯಲ್ಲಿ ಪಂಪು ಓಡಬೇಕು, ಎಲ್ಲರಿಗೂ ಈಗಲೇ ಕರೆಂಟು ಬೇಕು. ಫೋನು ಕೆಳಗಿಡುವಂತಿಲ್ಲ. ಆಂಧ್ರದಿಂದ ಬಂದು ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರು, "ಏಮಯ್ಯಾ, ಕರೆಂಟು ಎಪ್ಪುಡಿಸ್ತಾವು" ಎಂದು ಕರೆಂಟು ಕೊಡುವ ಹೊತ್ತು ಕೇಳಲು ಶುರುಮಾಡಿದರೆ ಇವನು ತೆಲುಗಿನಲ್ಲೇ ಸಮಾಧಾನ ಹೇಳುತ್ತಿದ್ದ. ಇಟ್ಟ ಕೂಡಲೇ ಇನ್ನೊಂದು ಕರೆ. ಆಗಿನ ಸಾಹೇಬರು ಎದುರಿಗೇ ಹೊಗಳುತ್ತಿದ್ದರು: "ಪಂಪಾಪತಿ ಅದಾನ ಅಂದ್ರ ನನಗ ನಿದ್ದಿ ಚಲೋ ಬರ್ತೈತಿ ನೋಡ್ರಿ." ಇವನ ನಿದ್ದೆ ಎಲ್ಲಿಗೆ ಹೋಯಿತೆಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ದಣಿವು ಆಕಳಿಕೆಯಾಗಿ ಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಪಂಪಾಪತಿಗೆ ಅದು ಮೊದಲು ಹುರುಪಾಗಿ ಬಂತು. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಮಾತು ಚುರುಕು, ತನ್ನನ್ನು ಬಿಟ್ಟರೆ ಈ ಸ್ಟೇಷನ್ ನಡೆಯದು ಎಂಬ ಹೆಮ್ಮೆ. ಆಮೇಲೆ ಸಿಟ್ಟಾಗಿ ಬಂತು. ಮನೆಯಲ್ಲಿ ಕುಕ್ಕರ್ ಕೂಗಿದರೆ ಬೈದ, ನೆರೆಮನೆಯ ಕೂಸು ಅತ್ತರೆ ಬೈದ. ಆಮೇಲೆ ಸಿಟ್ಟೂ ಹೋಯಿತು. ನನ್ನ ಟವೆಲ್ಲಿನ ವಾಸನೆಗೂ ಏನೂ ಅನ್ನದಾದ. ಏನು ಹೇಳಿದರೂ ತೆಳ್ಳಗೆ ನಗುತ್ತಿದ್ದ. ಆ ನಗೆಯನ್ನು ನಾವೆಲ್ಲ ಶಾಂತಿ ಎಂದುಕೊಂಡೆವು. ಎಂಥ ದಡ್ಡರು ನಾವು.

ಅವನ ತಂಗಿಯ ಮಗಳ ಮದುವೆ ಹಲಕುಂದಿಯಲ್ಲಿ. ಸೋದರಮಾವನಲ್ಲವೇ, ಹೊಸ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕಿಕಾಳು ಹಾಕುವ ಹೊತ್ತಿಗೆ ಓಲಗದವರು ಜೋರಾಗಿ ಹಿಡಿದರು. ಇವನು ಬಲಗೈಯನ್ನು ಕಿವಿಗೊಯ್ದು, "ಕುರುಗೋಡು ಸ್ಟೇಷನ್ರಿ. ತ್ರೀ ಫೇಸ್ ಸಂಜಿಕಿ ಬರ್ತೈತ್ರಿ, ಒದರಬ್ಯಾಡ್ರಿ" ಎಂದ. ಮಂಟಪದಲ್ಲಿ ಮದುಮಗನೂ ನಕ್ಕುಬಿಟ್ಟ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಂಗಮ್ಮ ಮಾತ್ರ ನಗಲಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುವ ನೆವದಿಂದ ನನ್ನ ಹತ್ತಿರ ಬಂದು ಬಗ್ಗಿ, "ಈರಣ್ಣ, ದಿನಾ ಡಬ್ಬಿ ತುಂಬಿ ಕಳಿಸ್ತೀನಿ, ತುಂಬಿದ ಡಬ್ಬಿನ ಮನಿಗಿ ಬರ್ತೈತಿ. ನಿಮ್ಮ ದೋಸ್ತ ಏನು ತಿಂತಾನ ಅಲ್ಲಿ?" ಎಂದು ಕೇಳಿದಳು. ಆಗ ನನಗೆ ಹೊಳೆಯಿತು. ಎಷ್ಟೋ ದಿನಗಳಿಂದ ಆ ಡಬ್ಬಿಯ ಮುಚ್ಚಳ ತೆರೆದದ್ದನ್ನು ನಾನೂ ನೋಡಿರಲಿಲ್ಲ. ಹೋಟೆಲಿನಲ್ಲಿ ತಿಂದು ಸುಮ್ಮನಿದ್ದೆ.

ಇದಾದ ಕೆಲವೇ ದಿನಕ್ಕೆ ಆ ಮಧ್ಯಾಹ್ನ ಬಂತು. ಗುಡ್ಡದ ಆಚೆ ಒಂದು ಕಂಬದಲ್ಲಿ ತಂತಿಯನ್ನು ಹೊರುವ ಪಿಂಗಾಣಿ ಬಟ್ಟಲು ಒಡೆದಿತ್ತು. ಪಂಪಾಪತಿ ಹಿಡಿಕೆ ಎಳೆದ, ನಾನು ಟವೆಲ್ ನೇತುಹಾಕಿ ಹೋದೆ. ಹತ್ತುವ ಮುಂಚೆ ತಂತಿಗೆ ಒಂದು ಸರಪಳಿ ಕಟ್ಟಿ ನೆಲಕ್ಕೆ ಇಳಿಬಿಡುತ್ತೇವೆ. ತಪ್ಪಿ ಕರೆಂಟು ಬಂದರೂ ನಮ್ಮನ್ನು ಬಿಟ್ಟು ನೆಲಕ್ಕೆ ಹರಿಯಲಿ ಎಂದು. ಬಟ್ಟಲು ಬದಲಿಸಿ, ಸರಪಳಿ ಬಿಚ್ಚಿ ಕೆಳಗಿಳಿದ ಮೇಲೆ ಒಂದು ಬೋಲ್ಟು ಸಡಿಲವಾಗಿ ಕಂಡಿತು. ಒಂದು ನಿಮಿಷದ ಕೆಲಸ, ಮತ್ತೆ ಯಾರು ಸರಪಳಿ ಕಟ್ಟುತ್ತಾರೆ ಎಂದು ಹಾಗೇ ಹತ್ತಿದೆ. ಟವೆಲ್ ಅಲ್ಲಿದೆಯಲ್ಲ ಎಂಬ ಧೈರ್ಯ. ಜನ ಸಾಲದೆ ನಾವೂ ಓಡಾಡಿ ಹಣ್ಣಾಗಿದ್ದೆವು. ಮೇಲೆ ತಂಪು ಗಾಳಿ ಇತ್ತು. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು, ಯಾರೋ ಹಾಡು ಹೇಳುತ್ತಿದ್ದರು. ನಾನು ತಂತಿಯನ್ನು ಎಡಗೈಯಲ್ಲಿ ಹಿಡಿದು ಬೋಲ್ಟು ತಿರುವುತ್ತ ಆ ಹಾಡು ಕೇಳುತ್ತಿದ್ದೆ.

ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ಪಂಪಾಪತಿ ಮುಖ ತೊಳೆದುಕೊಂಡಿದ್ದ. ಒರೆಸಿಕೊಳ್ಳಲು ಕೈಚಾಚಿದಾಗ ಟವೆಲ್ ಸಿಕ್ಕಿತು. ಹಿಡಿಕೆಯ ಮೇಲಿದ್ದ ನನ್ನ ಟವೆಲ್. ಅದನ್ನು ಹೆಗಲ ಮೇಲೆ ಹಾಕಿಕೊಂಡ. ಫೋನು ಕೂಗಿತು. ಆ ಕಡೆಯವರು ಕರೆಂಟು ಯಾವಾಗ ಎಂದರು. ಇವನು ಹಿಡಿಕೆ ನೋಡಿದ. ಟವೆಲ್ ಇಲ್ಲ. ಟವೆಲ್ ಇಲ್ಲವೆಂದರೆ ಈರಣ್ಣ ಬಂದು ಹೋಗಿದ್ದಾನೆ. "ಈಗ ಕೊಟ್ಟೆ ನೋಡ್ರಿ" ಎಂದು ಫೋನಿಟ್ಟು ಹಿಡಿಕೆಗೆ ಕೈ ಹಾಕಿದ. ಅರ್ಧ ಎತ್ತಿಯೂ ಆಗಿತ್ತು. ಹಣೆಯ ಮೇಲೆ ನೀರು ಇಳಿಯಿತೆಂದು ಹೆಗಲ ಟವೆಲ್ಲಿಗೆ ಮುಖ ಒತ್ತಿದ.

ಮುಲಾಮಿನ ಘಾಟು ಹೊಡೆಯಿತು.

ನಾನು ಸರಂಜಾಮು ಹೊತ್ತುಕೊಂಡು ಒಳಗೆ ಬಂದಾಗ ಹಿಡಿಕೆಯನ್ನು ಮತ್ತೆ ಕೆಳಗೆಳೆದು ಅವನು ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ನನ್ನ ಟವೆಲ್. ಫೋನು ಕೂಗುತ್ತಲೇ ಇತ್ತು. "ಈರಣ್ಣ, ನಿನ್ನ ಕೊಂದಿದ್ನೆಲೇ ನಾನು" ಎಂದ. ನಡೆದದ್ದನ್ನು ಅವನೇ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ನಾನು ಸರಂಜಾಮು ಕೆಳಗಿಟ್ಟೆ. ಅವನ ಪಕ್ಕದಲ್ಲೇ ನಾನೂ ಕೂತೆ.

ಮುಂದಿನ ದಿನಗಳು ಕೆಟ್ಟದಾಗಿದ್ದವು. ಕಂಬ ಹತ್ತಿದರೆ ಹಿಡಿದ ಬೋಲ್ಟು ಕೈಜಾರಿ ಬೀಳುತ್ತಿತ್ತು. ಮೇಲಿನವರಿಗೆ ಹೇಳಿದರೆ ಇವನ ನೌಕರಿಗೇ ಕುತ್ತು. ಹೇಳದಿದ್ದರೆ ಮುಂದೆ ಯಾವನೋ ಕಂಬದ ಮೇಲಿರುತ್ತಾನೆ, ಅವನ ಟವೆಲ್ಲಿಗೆ ಮುಲಾಮಿನ ವಾಸನೆ ಇರುವುದಿಲ್ಲ. ಈ ಎರಡನೆಯ ವಿಚಾರ ಬಂದಾಗ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದೆ. ಕೊನೆಗೆ ಪಂಪಾಪತಿಗೇ ಹೇಳಿದೆ, "ಇದನ್ನ ನಾನು ಮೇಡಮ್ಮಗ ಹೇಳಾಂವ ಅದೀನಿ." ಅವನು ತೆಳ್ಳಗೆ ನಕ್ಕು, "ಹೇಳಪಾ, ನನಗೂ ಅಷ್ಟು ಹಗುರಾಗ್ತೈತಿ" ಎಂದ.

ಮೇಡಂ ಆಗಷ್ಟೇ ಹಳೆಯ ಸಾಹೇಬರ ಜಾಗಕ್ಕೆ ಬಂದಿದ್ದರು. ಸುಮಾ ಅಂತ ಹೆಸರು, ಮೈಸೂರು ಕಡೆಯವರು, ನಮ್ಮ ಅರ್ಧ ವಯಸ್ಸು. ಅವರ ಮೆತ್ತಗಿನ ಮಾತನ್ನು ನಾವೆಲ್ಲ ಬೆನ್ನ ಹಿಂದೆ ಅಣಕಿಸುತ್ತಿದ್ದೆವು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಪೆನ್ನು ಕೈಗೆತ್ತಿಕೊಳ್ಳಲಿಲ್ಲ. "ಅವರು ಕೊನೇ ಸಲ ರಜಾ ತಗೊಂಡಿದ್ದು ಯಾವಾಗ?" ಎಂದು ಕೇಳಿದರು. ನನಗೆ ನೆನಪಾಗಲಿಲ್ಲ. "ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಾದ್ರೆ ಅವರನ್ನ ನೆಲದ ಮೇಲೆ ಕೂರಿಸಿದ್ದು ನಾವೇ ತಾನೇ ಈರಣ್ಣನವ್ರೇ?" ಎಂದರು. ಅವತ್ತಿನಿಂದ ಅವರ ಮಾತನ್ನು ಅಣಕಿಸುವುದು ಬಿಟ್ಟೆ. ಸಂಜೆಯೊಳಗೆ ಬಳ್ಳಾರಿಯಿಂದ ಒಬ್ಬ ಆಪರೇಟರನ್ನು ಜಗಳವಾಡಿ ತರಿಸಿದರು. ನಡೆದದ್ದನ್ನು ಮೇಲಿನವರ ಮುಂದೂ ಮುಚ್ಚಿಡಲಿಲ್ಲ. ಜನ ಕೊಡದೆ ದುಡಿಸಿದ ತಪ್ಪಿಗೆ ಮೊದಲು ಉತ್ತರ ಕೊಡಿ ಎಂದು ಕೇಳಿದರಂತೆ. ಪಂಪಾಪತಿಯನ್ನು ಹಿಡಿಕೆಗಳಿಂದ ದೂರವಿಟ್ಟು ಮನೆಗೆ ಕಳಿಸಿದರು.

ರಜೆ ಸಿಕ್ಕರೆ ದಣಿವು ಹೋಗುತ್ತದೆ ಎಂದುಕೊಂಡಿದ್ದೆ. ಅದೂ ತಪ್ಪು. ಮೊದಲು ಹೆಣದಂತೆ ಮಲಗಿದ. ಎದ್ದಾಗ ಮಲಗುವ ಮುಂಚಿಗಿಂತ ಹೆಚ್ಚು ದಣಿದಿದ್ದ. ಆಮೇಲೆ ನಿದ್ದೆಯೇ ಹತ್ತಲಿಲ್ಲ. ಗೋಡೆ ನೋಡುತ್ತ ಕೂರುತ್ತಿದ್ದ. ನಾನು ಮಾತಾಡಿಸಲು ಹೋದಾಗ ಗಂಗಮ್ಮ ಬಾಗಿಲಲ್ಲೇ ನಿಲ್ಲಿಸಿ, "ಕೆಲಸದಿಂದ ಬಿಡಿಸಿ ಕಳಿಸೀರಿ. ಆ ಫೋನು ಇವ್ರ ತಲಿಯೊಳಗ ಇನ್ನೂ ಬಡಕೊಳ್ಳಾಕತ್ತೈತಿ. ಅದನ್ನ ಯಾರು ಇಳಸಬೇಕು?" ಎಂದಳು.

ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಮೂವರೂ ಹೋದೆವು. ರಕ್ತ, ಎದೆ ಎಲ್ಲ ನೋಡಿದ ಡಾಕ್ಟರು ವಯಸ್ಸಾದವರು, ನಮ್ಮ ಕಡೆಯವರೇ. "ನಾಯಿ ಬೆನ್ನತ್ತಿದ್ರ ಏನ್ ಮಾಡ್ತೀ?" ಎಂದು ಪಂಪಾಪತಿಯನ್ನು ಕೇಳಿದರು. "ಓಡ್ತೀನ್ರಿ." "ಹಾಂ. ನಿನ್ನ ಮೈ ವರ್ಷಗಟ್ಟಲೆ ಓಡೇತಿ. ಈಗ ನಾಯಿ ಹೋಗೇತಿ, ಆದ್ರ ಓಡೋದು ಬಿಡಬೇಕು ಅನ್ನೋದು ಮೈಗೆ ಮರತೈತಿ. ಅದಕ್ಕ ಮತ್ತ ಕಲಿಸಬೇಕು. ಹೇಳಿದ ಹೊತ್ತಿಗೆ ಉಣ್ಣು, ಹೇಳಿದ ಹೊತ್ತಿಗೆ ಮಲಗು. ಬಿಸಿಲು ಏರೋದ್ರೊಳಗ ನಡಿ. ಹಿಡಿದ ಕೆಲಸ ಅವತ್ತಿಂದವತ್ತ ಮುಗಿಯೋ ಹಂಗಿರಬೇಕು. ಒಬ್ಬನ ಕುಂದ್ರಬ್ಯಾಡ. ಹದಿನೈದು ದಿನಕ್ಕೊಮ್ಮೆ ಬಂದು ನನಗ ಮಾರಿ ತೋರಿಸು." ಗಂಗಮ್ಮ ಗುಳಿಗೆ ಕೇಳಿದಳು. "ಬೇಕಾದ್ರ ಕೊಡ್ತೀನಿ ತಾಯಿ, ಮೊದಲು ಇದನ್ನ ಮಾಡ್ರಿ" ಎಂದರು.

ಇದನ್ನು ಕೇಳಿ ಮೇಡಂ ಒಂದು ಉಪಾಯ ಮಾಡಿದರು. ಕುರುಗೋಡಿನಿಂದ ಸಿರುಗುಪ್ಪದ ತನಕ ಲೈನಿನ ಕೆಳಗೆ ನಡೆದು, ತಂತಿಗೆ ತಾಗುವ ಟೊಂಗೆ, ಬಿರುಕು ಬಿಟ್ಟ ಬಟ್ಟಲು ನೋಡಿಬರುವ ಕೆಲಸ ಒಂದಿರುತ್ತದೆ. ಯಾರಿಗೂ ಬೇಡವಾದ ಕೆಲಸ. ಅದಕ್ಕೆ ನಮ್ಮಿಬ್ಬರನ್ನು ಹಾಕಿದರು. ದಿನಾ ಸ್ವಲ್ಪ ದೂರ, ಬಿಸಿಲೇರುವ ತನಕ ಮಾತ್ರ. ಇಬ್ಬರ ಮೊಬೈಲ್ ಫೋನೂ ಅವರ ಮೇಜಿನ ಡ್ರಾಯರಿನಲ್ಲಿ. "ನನಗೇನ ಕಾಯಿಲಿ, ನನ್ನ ಫೋನ್ಯಾಕ್ರಿ ಮೇಡಂ" ಎಂದೆ. "ನಿಮ್ಮ ಕೈ ನಡುಗೋದು ನಾನು ನೋಡಿಲ್ವೇನ್ರೀ" ಎಂದರು.

ಆ ನಡಿಗೆಯ ದಿನಗಳೇ ಈಗ ನನ್ನ ಮಧ್ಯಾಹ್ನದ ನಿದ್ದೆಯಲ್ಲಿ ಬರುವುದು. ನಸುಕಿನ ಮಂಜಿನಲ್ಲಿ ಕಂಬದ ಬುಡ ಕಾಣುತ್ತಿರಲಿಲ್ಲ, ತಂತಿ ಮಾತ್ರ ಆಕಾಶದಲ್ಲಿ ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು. ಕಾಲಿಗೆ ಕೆಸರು, ಮೂಗಿಗೆ ಹಸಿ ಭತ್ತದ ವಾಸನೆ. ಬೆಳ್ಳಕ್ಕಿಗಳು ನಮ್ಮನ್ನು ಕಂಡು ಏಳುತ್ತಿದ್ದವು, ಸ್ವಲ್ಪ ಮುಂದೆ ಹೋಗಿ ಮತ್ತೆ ಕೂರುತ್ತಿದ್ದವು, ನಾವು ಬಂದರೆ ಮತ್ತೆ ಏಳುತ್ತಿದ್ದವು. ಎಚ್ಚರವಿದ್ದೇವೋ ಕನಸಿನಲ್ಲಿದ್ದೇವೋ ಎಂದು ನನಗೇ ಅನುಮಾನ ಬರುತ್ತಿತ್ತು. ಮೊದಮೊದಲು ಪಂಪಾಪತಿ ತಂತಿಯ ಗುಂಯ್ ಸದ್ದು ಕೇಳಿ ನಿಂತುಬಿಡುತ್ತಿದ್ದ. "ಫೋನು" ಎನ್ನುತ್ತಿದ್ದ. "ಇಲ್ಲಲೇ, ತಂತಿ" ಎನ್ನುತ್ತಿದ್ದೆ. ಮತ್ತೆ ನಡೆಯುತ್ತಿದ್ದೆವು. ದಿನಕ್ಕೆ ಎಷ್ಟು ಸಲ ಹೀಗಾಗುತ್ತಿತ್ತೋ.

ಒಂದು ದಿನ ತೆಕ್ಕಲಕೋಟೆಯ ಈಚೆ ಒಂದು ಬೇವಿನ ಮರದ ಕೆಳಗೆ ಕೂತೆವು. ಹುಸೇನ್ ಸಾಬರು ನೆನಪಾದರು. "ದಣಿದಾಂವ ಕಂಬಕ್ಕ ಭಾರ. ಅಡ್ಡಾಗಲೇ" ಎಂದು ನನ್ನ ಟವೆಲ್ಲನ್ನೇ ಅವನ ಕಣ್ಣಿನ ಮೇಲೆ ಹಾಕಿದೆ. ಅದನ್ನು ಕಂಡರೆ ಅವನಿಗೆ ಆ ಮಧ್ಯಾಹ್ನ ನೆನಪಾಗಬಹುದೆಂಬ ಎಚ್ಚರ ನನಗಿರಲಿಲ್ಲ. ಅವನು ಅದನ್ನು ತೆಗೆಯಲಿಲ್ಲ. ಟವೆಲ್ಲಿನ ಕೆಳಗಿಂದಲೇ ಮಾತಾಡತೊಡಗಿದ. ಹಿಡಿಕೆ ಎತ್ತಿದಷ್ಟು ದೂರ ಎತ್ತಿದ ನೆನಪು ಕೈಯಲ್ಲಿದೆ, ರೊಟ್ಟಿ ಹಿಡಿದರೂ ಅದೇ ಹಿಡಿಕೆ ಹಿಡಿದಂತಾಗುತ್ತದೆ, ಅದಕ್ಕೇ ಉಣ್ಣಲಾಗುವುದಿಲ್ಲ ಎಂದ. ನನಗೆ ಅಳು ಬಂತು. ಟವೆಲ್ ಅವನ ಮುಖದ ಮೇಲಿದ್ದದ್ದರಿಂದ ಅವನಿಗೆ ಕಾಣಲಿಲ್ಲ, ನಾನು ಆರಾಮಾಗಿ ಅತ್ತೆ. ಮಾತು ನಿಂತಿತು. ನೋಡಿದರೆ ಗೊರಕೆ. ನೆರಳು ಸರಿದಂತೆಲ್ಲ ನಾನೂ ಸರಿದು ಕೂತು ಅವನ ಮುಖಕ್ಕೆ ಬಿಸಿಲು ಮರೆಮಾಡಿದೆ. ಆ ದಿನ ನಾವು ಸಂಜೆಗೆ ಮನೆ ಸೇರಿದೆವು.

ಅಲ್ಲಿಂದ ಒಮ್ಮೆಲೇ ನೆಟ್ಟಗಾದ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನ ಚಲೋ, ಮೂರನೆಯ ದಿನ ಮತ್ತೆ ಗೋಡೆ ನೋಡುವುದು. ಆದರೆ ಕೆಟ್ಟ ದಿನಗಳ ನಡುವೆ ಅಂತರ ಬೆಳೆಯಿತು. ಒಂದು ಬೆಳಿಗ್ಗೆ ತಂತಿ ಗುಂಯ್ ಎಂದಿತು, ಅವನು ನಿಲ್ಲದೆ ಮುಂದೆ ಹೋದ. ಇನ್ನೊಂದು ಬೆಳಿಗ್ಗೆ ನಾನು ಬದುವಿನಿಂದ ಜಾರಿ ಕೆಸರಿಗೆ ಬಿದ್ದೆ. "ಕಣ್ಣ ಎಲ್ಲಿಟ್ಟಿಯಲೇ ಮುಲಾಮ್, ಭತ್ತ ತುಳದೀ ಅಂದ್ರ ಕ್ಯಾಂಪಿನವ್ರು ಇಬ್ಬರನ್ನೂ ಕಂಬಕ್ಕ ಕಟ್ತಾರ" ಎಂದು ಬಾಯಿ ತುಂಬ ಬೈದ. ಎಷ್ಟು ತಿಂಗಳ ಮೇಲೆ ಬೈದಿದ್ದ. ಕೆಸರಲ್ಲಿ ಕೂತೇ ನಕ್ಕೆ. ಹೇಳಲು ಮರೆತೆ, ನನ್ನ ಕೈ ನಡುಗುವುದು ನಿಂತು ಆಗಲೇ ಬಹಳ ದಿನವಾಗಿತ್ತು. ಯಾವತ್ತು ನಿಂತಿತೋ ನಾನು ಗಮನಿಸಿರಲಿಲ್ಲ.

ಸಿರುಗುಪ್ಪ ಮುಟ್ಟಿ, ಮತ್ತೆ ಕುರುಗೋಡಿನಿಂದ ಶುರುಮಾಡಿ, ಹೀಗೆ ಸುತ್ತುವಷ್ಟರಲ್ಲಿ ಕೊಯ್ಲು ಬಂತು. ಡಾಕ್ಟರು ಆಗಲೆಂದರು. ಮೇಡಂ ಒಂದೇ ಪಾಳಿಯ ಷರತ್ತಿನ ಮೇಲೆ ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ಸುಲಭವಿರಲಿಲ್ಲ ಅದು. ಸುದ್ದಿ ಗ್ಯಾಂಗಿಗೆಲ್ಲ ಗೊತ್ತಾಗಿತ್ತು. ಪಂಪಾಪತಿ ಲೈನ್ ಕ್ಲಿಯರ್ ಕೊಟ್ಟರೆ ಮೊದಲು ಹತ್ತುವವನು ಯಾರು? ಒಬ್ಬನಿಗೆ ಜ್ವರ, ಒಬ್ಬನಿಗೆ ಮಗಳ ಶಾಲೆಯಲ್ಲಿ ಸಭೆ. ಅವರನ್ನು ತಪ್ಪೆನ್ನಲಾರೆ. ಜೀವ ಎಲ್ಲರಿಗೂ ಒಂದೇ. ಆದರೆ ಯಾರೂ ಹತ್ತದಿದ್ದರೆ ಇವನು ಮತ್ತೆ ಆ ಗೋಡೆಯ ಮುಂದೆ ಹೋಗಿ ಕೂರುತ್ತಾನೆ, ಈ ಸಲ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆಗಲ ಟವೆಲ್ ತೆಗೆದೆ. ಹಿಡಿಕೆಗೆ ನೇತುಹಾಕಿದೆ.

ಕೆಲಸ ಮುಗಿಸಿ ಬಂದು ನೋಡಿದರೆ, ಪಂಪಾಪತಿ ಹಿಡಿಕೆಯ ಪಕ್ಕದಲ್ಲೇ ನಿಂತಿದ್ದಾನೆ. ನನ್ನ ಟವೆಲ್ಲಿನ ಒಂದು ತುದಿಯನ್ನು ಹಿಡಿಕೆಗೆ ಗಂಟುಹಾಕಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಬಿಗಿದುಕೊಂಡಿದ್ದ. ಕೈ ಕೆಂಪಾಗಿತ್ತು. ನಾನು ಹೋದಾಗಿನಿಂದ ಕೂತೇ ಇಲ್ಲ. ಮೇಜಿನ ಮೇಲೆ ಗಂಗಮ್ಮನ ಡಬ್ಬಿ, ಮುಚ್ಚಳ ಬಿಗಿಯಾಗಿ ಹಾಗೇ ಇದೆ.

"ಬಿಚ್ಚು" ಎಂದ. "ಮಾಲಕ ನೀನ ಬಿಚ್ಚಬೇಕು."

ಬಿಚ್ಚಿದೆ. ನನ್ನ ಜೀವವೇನೋ ಉಳಿದಿತ್ತು. ಆದರೆ ಹೀಗೆ ಕಟ್ಟಿಕೊಂಡು ನಿಂತರೆ ಎಷ್ಟು ದಿನ ನಿಂತಾನು? ಇದು ಹಳೆಯ ಓಟವೇ, ನಿಂತಲ್ಲೇ ಓಡುತ್ತಿದ್ದಾನೆ, ಅಷ್ಟೇ. ಅವನು ಕರೆಂಟು ಕೊಡಲು ಕೈಚಾಚಿದ. ನಾನು ಟವೆಲ್ಲನ್ನು ಕೊಡವಿ ಮತ್ತೆ ಅದೇ ಹಿಡಿಕೆಯ ಮೇಲೆ ಇಳಿಬಿಟ್ಟೆ, ಗಂಟಿಲ್ಲದೆ.

"ಆ ಕಂಬದಾಗ ಇನ್ನೊಂದು ಕೆಲಸ ಉಳದೈತಿ" ಎಂದೆ. "ನಾನು ಬರೋದ್ರೊಳಗ ನೀನು ಕುಂತು ಉಣ್ಣು. ಕಟ್ಟಿಕೊಂಡೀ ಅಂದ್ರ ನಾನು ಈ ಟವೆಲ್ ತೆಗಿಯಂಗಿಲ್ಲ, ಕುರುಗೋಡಿಗೆ ಕರೆಂಟಿಲ್ಲ. ನನಗೂ ಎರಡು ರೊಟ್ಟಿ ಉಳಸು."

ಕಂಬದಲ್ಲಿ ಏನೂ ಕೆಲಸ ಉಳಿದಿರಲಿಲ್ಲ. ಮೇಡಂ ಇದನ್ನು ಓದಿದರೆ ಬೈಯುತ್ತಾರೆ. ಈ ಸಲ ಸರಪಳಿಯನ್ನು ಒಂದಕ್ಕೆರಡು ಸಲ ನೋಡಿ ಕಟ್ಟಿದೆ, ಹತ್ತಿದೆ, ಬೆಲ್ಟಿಗೆ ಮೈ ಒರಗಿಸಿ ಸುಮ್ಮನೆ ಕೂತೆ. ಕೊಯ್ದ ಗದ್ದೆಗಳು ಹಳದಿಯಾಗಿ ಮಲಗಿದ್ದವು. ಆಚೆ ಗುಡ್ಡದ ಬಂಡೆಗಳ ಮೇಲೆ ಮೋಡದ ನೆರಳು ನಿಧಾನವಾಗಿ ಏರಿ ಇಳಿಯುತ್ತಿತ್ತು. ತಂತಿಯನ್ನು ಬರಿಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಇಲ್ಲಿಂದ ಸ್ಟೇಷನ್ನಿನ ತನಕ ಹೋಗುವ ತಂತಿ ಅದು, ಅದರ ಆ ತುದಿಯಲ್ಲಿ ಪಂಪಾಪತಿ. ಅವನು ಡಬ್ಬಿ ತೆರೆದಿರಲಿ, ತೆರೆದಿರಲಿ ಎಂದುಕೊಂಡೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ.

ಒಳಗೆ ಬಂದಾಗ ಫೋನು ಕೂಗುತ್ತಿತ್ತು. ಪಂಪಾಪತಿ ಕುರ್ಚಿಯಲ್ಲಿ ಕೂತು ಬಾಯೊಳಗಿನ ತುತ್ತನ್ನು ಪೂರ್ತಿ ಅಗಿದು ನುಂಗಿದ. ಆಮೇಲೆ ಎಡಗೈಯಲ್ಲಿ ಫೋನು ಎತ್ತಿದ. "ಈರಣ್ಣ ಕಂಬದ ಮ್ಯಾಲ ಅದಾನ್ರಿ. ಅಂವ ಬರೋತನಕ ಇಲ್ಲ" ಎಂದು ಇಟ್ಟ. ಟವೆಲ್ ಬಿಟ್ಟಲ್ಲೇ ಇತ್ತು. ಡಬ್ಬಿಯ ಮುಚ್ಚಳದಲ್ಲಿ ಎರಡು ರೊಟ್ಟಿ, ಒಂದಿಷ್ಟು ಚಟ್ನಿ ಎತ್ತಿಟ್ಟಿದ್ದ.

ನಾನು ಟವೆಲ್ ತೆಗೆಯಲು ಹೋದೆ.

"ಇರಲಿ ಬಿಡಲೇ, ಮೊದಲು ಉಣ್ಣು" ಎಂದ.

ಕೂತು ಉಂಡೆವು. ಫೋನು ಇನ್ನೆರಡು ಸಲ ಕೂಗಿ ತಾನೇ ಸುಮ್ಮನಾಯಿತು. ಡಬ್ಬಿ ಖಾಲಿಯಾಗುವ ತನಕ ಆ ಲೈನಿಗೆ ಕರೆಂಟು ಹೋಗಲಿಲ್ಲ. ಜನ ಬೈದಿರಬೇಕು, ಬೈಯಲಿ. ಖಾಲಿ ಡಬ್ಬಿಯನ್ನು ಆ ಸಂಜೆ ನಾನೇ ಗಂಗಮ್ಮನ ಕೈಗೆ ಕೊಟ್ಟು ಬಂದೆ.